ಕಾಯುವ ವರ್ಷದ ಬೆಲೆ: ದುರ್ಗದ ಸೀಮೆಯ ದುಡಿಮೆ ಲೆಕ್ಕ

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. ಬಳ್ಳಾರಿಯಲ್ಲಿ ಅದಕ್ಕೆ ನಾಲ್ಕು ವಾರ ಮೊದಲೇ, ಜುಲೈ 29ರಂದು ನಿಂತಿತ್ತು. ಗುಡ್ಡಗಳನ್ನು ಬಗೆದು ಹಾಕಿದ ರೀತಿ ನೋಡಿದವರಾರೂ ಆ ಆದೇಶ ತಪ್ಪೆನ್ನಲಾರರು. ಆದರೆ ಗಣಿ ನಿಂತ ದಿನ ಲಾರಿಯ ಕಂತು ನಿಲ್ಲಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು, ಆ ಲಾರಿಯ ಡ್ರೈವರ್, ಕ್ಲೀನರ್, ದಾರಿಬದಿಯ ಪಂಕ್ಚರ್ ಅಂಗಡಿಯವರು, ಅನ್ನ ಸಾರು ಬಡಿಸುತ್ತಿದ್ದ ಸಣ್ಣ ಹೋಟೆಲಿನವರು, ಎಲ್ಲರ ಗಳಿಕೆಯೂ ಒಂದೇ ವಾರದಲ್ಲಿ ಕುಸಿಯಿತು. ಕೆಲಸ ಹೋಗಿದ್ದು ಅವರಲ್ಲಿ ಯಾರ ಸೋಮಾರಿತನದಿಂದಲೂ ಅಲ್ಲ. ಗಳಿಕೆಯೆಲ್ಲ ಒಂದೇ ಕಸುಬಿಗೆ ಕಟ್ಟುಬಿದ್ದಿತ್ತು, ಅಷ್ಟೇ.

ಗಣಿಗಳು ಮತ್ತೆ ತೆರೆದಾಗ ಎರಡೂ ಜಿಲ್ಲೆಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಇತ್ತು. 2017ರ ಡಿಸೆಂಬರಿನಲ್ಲಿ ಅದು 70 ಲಕ್ಷವಾಯಿತು. 2022ರ ಆಗಸ್ಟಿನಲ್ಲಿ 1.5 ಕೋಟಿ ಟನ್ನಿಗೆ ಏರಿತು. ಮಿತಿ ಮೂರು ಪಟ್ಟಾಯಿತು, ಹಾಗಾದರೆ ಡ್ರೈವರ್ ಕೆಲಸವೂ ಮೂರು ಪಟ್ಟಾಗಬೇಕಲ್ಲವೇ? ಲೆಕ್ಕ ಹಾಕಿ ನೋಡೋಣ.

ಆಗಿನ ಹತ್ತು ಚಕ್ರದ ಲಾರಿಗೆ ಒಟ್ಟು ತೂಕದ ಮಿತಿ 25 ಟನ್. ಲಾರಿಯ ಸ್ವಂತ ತೂಕ ಕಳೆದರೆ ಅದಿರಿಗೆ ಉಳಿಯುತ್ತಿದ್ದುದು ಸುಮಾರು 16 ಟನ್. 50 ಲಕ್ಷ ಟನ್ನನ್ನು ಪೂರ್ತಿ ರಸ್ತೆಯಲ್ಲೇ ಸಾಗಿಸಿದರೆ 3,12,500 ಲೋಡು. ವರ್ಷಕ್ಕೆ 300 ದಿನ ಎಂದು ಹಿಡಿದರೆ ದಿನಕ್ಕೆ 1,040ರ ಆಸುಪಾಸು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿ ಹೆಚ್ಚಿಸಿತು. ಹತ್ತು ಚಕ್ರದ ಲಾರಿಗೆ 28.5 ಟನ್ ಆಯಿತು. ಈಗಿನ ಹದಿನಾರು ಚಕ್ರದ ಟಿಪ್ಪರ್ 30 ಟನ್ ಹೊರುತ್ತದೆ. 1.5 ಕೋಟಿ ಟನ್ನನ್ನು 30ರಿಂದ ಭಾಗಿಸಿ, ಬರುವುದು 5 ಲಕ್ಷ ಲೋಡು. ಅಂದರೆ ಅದಿರು ಮೂರು ಪಟ್ಟಾದರೂ ಲೋಡು 1.6 ಪಟ್ಟು ಮಾತ್ರ. ಇನ್ನು ಒಂದು ಗೂಡ್ಸ್ ರೈಲು ಸುಮಾರು 3,800 ಟನ್ ಎಳೆಯುತ್ತದೆ. ಅಂಥ ಒಂದು ರೈಲು ಹೊರಟರೆ 126 ಟಿಪ್ಪರ್ ಟ್ರಿಪ್ಪು ಹೋಯಿತು ಎಂದೇ ಅರ್ಥ. ರಸ್ತೆಯ ದೂಳು ಕಡಿಮೆಯಾಗಲಿ ಎಂದು ಅದಿರನ್ನು ರೈಲಿಗೂ ಕನ್ವೇಯರಿಗೂ ತಿರುಗಿಸುತ್ತಿರುವುದು ಹಳ್ಳಿಯವರ ಆರೋಗ್ಯಕ್ಕೆ ಒಳ್ಳೆಯದು. ಡ್ರೈವರ್ ಮಾತ್ರ ತನ್ನ ಬದುಕಿನ ಲೆಕ್ಕವನ್ನು ಟನ್ನಿನಲ್ಲಿ ಬರೆಯಬಾರದು, ಲೋಡಿನಲ್ಲಿ ಬರೆಯಬೇಕು.

ನಂಬಿದ ಕಸುಬು ಕೈಬಿಡುವುದು ಈ ನೆಲಕ್ಕೆ ಹೊಸತೇನಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಬಳೆ ಮಾಡುವ ಕುಲುಮೆಗಳಿದ್ದವು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಅವನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಆ ಕಸುಬು ಈಗ ಗೆಜೆಟಿಯರಿನಲ್ಲಷ್ಟೇ ಇದೆ. ಹಿರಿಯೂರಿನ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಾಗಿಲು ಹಾಕಿತು.

ಕಸುಬು ಹೋದಾಗ ಜನ ಏನು ಮಾಡುತ್ತಾರೆ ಎಂಬುದಕ್ಕೆ ತಾಲ್ಲೂಕು ಕಚೇರಿಯ ಆವರಣ ಒಳ್ಳೆಯ ಪಾಠ. 2000ದ ನಂತರದ ಒಂದೆರಡು ವರ್ಷಗಳಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. 15 ರೂಪಾಯಿಗೆ ಕೌಂಟರಿನಲ್ಲಿ ಮುದ್ರಿತ ಪಹಣಿ ಸಿಕ್ಕಿತು. 2023ರಲ್ಲಿ ‘ಕಾವೇರಿ 2.0’ ಬಂದು ನೋಂದಣಿಯ ಅರ್ಜಿಯೂ ಶುಲ್ಕವೂ ಆನ್‌ಲೈನ್ ಆದವು. ಉಪ ನೋಂದಣಾಧಿಕಾರಿ ಕಚೇರಿಯ ಎದುರು ಕ್ರಯಪತ್ರ ಬರೆಯುತ್ತಿದ್ದವರ ಹೊಟ್ಟೆಗೆ ಇದು ತಾಗಿತು. ಅವರಲ್ಲಿ ಉಳಿದುಕೊಂಡವರನ್ನು ಗಮನಿಸಿ. ಚೆಕ್ಕುಬಂದಿ, ಮೂಲಪತ್ರ, ವಂಶವೃಕ್ಷದ ಹಳೆಯ ಜ್ಞಾನವನ್ನು ಅವರು ಬಿಡಲಿಲ್ಲ. ಅದರ ಜೊತೆಗೆ ಸ್ಕ್ಯಾನರ್, ಲಾಗಿನ್, ಅಪ್‌ಲೋಡ್ ಸೇರಿಸಿಕೊಂಡರು. ಬರವಣಿಗೆ ಹೋಯಿತು, ತಿಳಿವಳಿಕೆ ಉಳಿಯಿತು. ಕಸುಬು ಬದಲಿಸುವುದೆಂದರೆ ಗೊತ್ತಿದ್ದನ್ನೆಲ್ಲ ಎಸೆದು ಮೊದಲಿಂದ ಶುರು ಮಾಡುವುದು ಎಂದು ಹೆದರುವ ನಲವತ್ತು ದಾಟಿದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈಗ ಈ ಸೀಮೆಯ ಮನೆಗಳಲ್ಲಿ ಯಾರೂ ಬರೆದಿಡದ ಖರ್ಚಿಗೆ ಬರುತ್ತೇನೆ. ಅದು ಕಾಯುವ ಖರ್ಚು.

ಹೊಸದುರ್ಗದ ಹುಡುಗನೊಬ್ಬ ಪದವಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಓದಲು ಬೆಂಗಳೂರಿಗೆ ಹೋಗುತ್ತಾನೆ ಎಂದುಕೊಳ್ಳಿ. ಊಟ ಸೇರಿ ಪಿಜಿಗೆ ತಿಂಗಳಿಗೆ 7,500, ರೀಡಿಂಗ್ ರೂಮಿಗೆ 1,000, ಪುಸ್ತಕ, ಅರ್ಜಿ, ಬಸ್ಸು, ಮೊಬೈಲಿಗೆ 1,500. ಒಟ್ಟು 10,000. ಕೋಚಿಂಗ್ ಶುಲ್ಕ ಒಮ್ಮೆಗೆ 40,000. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ನಿಮ್ಮ ಮನೆಯ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಮೊದಲ ವರ್ಷ 1,60,000. ಮೂರು ವರ್ಷ ಕಳೆದರೆ 4,00,000. ಇದು ಅಪ್ಪನ ಕೈಯಿಂದ ಹೋದ ಹಣ, ಅಡಿಕೆ ಮಾರಿದ ದುಡ್ಡೋ ಸಂಘದ ಸಾಲವೋ.

ಆ ಮೂರು ವರ್ಷ ಅವನು ದುಡಿದಿದ್ದರೆ? ತೀರ ಕೆಳಗಿನ ದರವನ್ನೇ ಹಿಡಿಯೋಣ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳಿಗೆ 26 ದಿನದಂತೆ 9,620, ವರ್ಷಕ್ಕೆ 1,15,440, ಮೂರು ವರ್ಷಕ್ಕೆ 3,46,320. ಖರ್ಚಾದ 4 ಲಕ್ಷಕ್ಕೆ ಇದನ್ನು ಕೂಡಿಸಿದರೆ ಕಾಯುವಿಕೆಯ ನಿಜವಾದ ಬೆಲೆ 7,46,320 ರೂಪಾಯಿ.

ಯುವನಿಧಿ ಇದೆಯಲ್ಲ ಎನ್ನಬಹುದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮೊದಲ ಕಂತು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಬಿಡುಗಡೆಯಾಯಿತು. ಪದವೀಧರನಿಗೆ ಪೂರ್ತಿ ಬಂದರೂ 72,000. ಮೇಲಿನ ಮೊತ್ತದಲ್ಲಿ ಅದು ನೂರಕ್ಕೆ ಹತ್ತೂ ಅಲ್ಲ. ಮನೆಗೆ ಅದು ಉಪಕಾರ, ಸುಳ್ಳಲ್ಲ. ಆ ಹಣದಲ್ಲಿ ಒಂದು ಭಾಗವನ್ನಾದರೂ ಯಾವುದಾದರೂ ಪ್ರಮಾಣಪತ್ರದ ತರಬೇತಿಗೆ ತೆಗೆದಿಟ್ಟರೆ ಅದು ಎರಡು ವರ್ಷದ ನಂತರವೂ ಕೈಹಿಡಿಯುತ್ತದೆ.

ಸರ್ಕಾರಿ ಕೆಲಸಕ್ಕೆ ಓದುವುದೇ ದಡ್ಡತನ ಎಂದು ಹೇಳಲು ನಾನು ಹೊರಟಿಲ್ಲ. 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ಆಗಿದೆ. ವರ್ಷಕ್ಕೆ 3,24,000. ಕೆಲಸ ಸಿಕ್ಕರೆ ಕಾದ ಮೂರು ವರ್ಷದ ಬೆಲೆ ಸುಮಾರು 28 ತಿಂಗಳ ಮೂಲವೇತನದಲ್ಲೇ ತೀರುತ್ತದೆ. ಮೇಲೆ ಭದ್ರತೆ, ಊರಿನಲ್ಲಿ ಮರ್ಯಾದೆ, ಮದುವೆಯ ಮಾತಿನಲ್ಲಿ ತೂಕ. 2011ರ ಜನಗಣತಿಯಂತೆ 16,59,456 ಜನರಿರುವ, ಹತ್ತರಲ್ಲಿ ಎಂಟು ಮಂದಿ ಹಳ್ಳಿಯಲ್ಲೇ ಇರುವ ಜಿಲ್ಲೆ ಚಿತ್ರದುರ್ಗ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಹೊಸದುರ್ಗವನ್ನು ಸೇರಿಸಿತ್ತು. ಇಲ್ಲಿನ ಮಕ್ಕಳು ಸರ್ಕಾರಿ ಕುರ್ಚಿಯ ಕಡೆ ನೋಡುವುದಕ್ಕೆ ಕಾರಣ ಇದೆ.

ಕುರ್ಚಿ ಎಷ್ಟು, ನಿಂತವರೆಷ್ಟು ಎಂಬುದೇ ಕಷ್ಟದ ಅಂಕಿ. 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಬರೆದವರು ಸುಮಾರು 54,000. ಒಂದು ಹುದ್ದೆಗೆ 99 ಮಂದಿ. 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದವರು 5 ಲಕ್ಷಕ್ಕೂ ಹೆಚ್ಚು, ಒಂದಕ್ಕೆ 500ಕ್ಕಿಂತ ಮೇಲೆ. 384 ಕೆಎಎಸ್ ಹುದ್ದೆಗೆ 2 ಲಕ್ಷಕ್ಕೂ ಹೆಚ್ಚು ಅರ್ಜಿ. ಎಲ್ಲರೂ ಬೆಂಗಳೂರಿಗೆ ಹೋಗಿ ಖರ್ಚು ಮಾಡಿದವರಲ್ಲ. ಪಿಎಸ್‌ಐ ಹುದ್ದೆಯ 99 ಜನರಲ್ಲಿ ಹತ್ತೇ ಮಂದಿ ಒಂದೊಂದು ವರ್ಷ ಮೇಲಿನ ಲೆಕ್ಕದಲ್ಲಿ ಖರ್ಚು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಕುರ್ಚಿಯ ಹಿಂದೆ ರೈತ ಮನೆಗಳ 16 ಲಕ್ಷ ರೂಪಾಯಿ ಕರಗಿದೆ.

ಕಾಯುವ ತಪ್ಪು ಓದುವವರದ್ದೇ ಎಂದರೆ ಅನ್ಯಾಯ. ಆ ಪಿಎಸ್‌ಐ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ 27 ತಿಂಗಳು ಮೀರಿತು. ತಿಂಗಳಿಗೆ 10,000ದಂತೆ, ಪ್ರಾಮಾಣಿಕವಾಗಿ ಓದಿದ ಒಬ್ಬನ ತಲೆಯ ಮೇಲೆ 2,70,000 ರೂಪಾಯಿಯ ದಂಡ. 2024ರ ಅಕ್ಟೋಬರ್ ಕೊನೆಯಲ್ಲಿ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ತೀರ್ಮಾನ ಬಂದದ್ದು 2025ರ ಆಗಸ್ಟ್ 19ರಂದು. ಪರಿಶಿಷ್ಟ ಜಾತಿಯವರು ನೂರಕ್ಕೆ 23ಕ್ಕೂ ಹೆಚ್ಚಿರುವ ಈ ಜಿಲ್ಲೆಗೆ ಒಳಮೀಸಲಾತಿ ದಶಕಗಳ ಬೇಡಿಕೆ, ಅದು ಆಗಲೇಬೇಕಿತ್ತು. ತಡವಾದದ್ದರ ಬಾಡಿಗೆಯನ್ನು ಕಟ್ಟಿದವರು ಮಾತ್ರ ಅದೇ ಮನೆಗಳ ಮಕ್ಕಳು.

ಹಾಗಾಗಿ ಓದುವುದನ್ನು ಬಿಡಿ ಎನ್ನುವುದಿಲ್ಲ, ಖಾಲಿ ಕೈಯಲ್ಲಿ ಕಾಯಬೇಡಿ ಎನ್ನುತ್ತೇನೆ. ಹಿರಿಯೂರಿನ ಪಾಲಿಟೆಕ್ನಿಕ್ ಮುಗಿಸಿದ ಇನ್ನೊಬ್ಬ ಹುಡುಗ ಅದೇ ಬೆಂಗಳೂರಿಗೆ, ಅದೇ ಪಿಜಿಗೆ ಹೋದ ಎಂದುಕೊಳ್ಳಿ. ಅವನು ಅಪ್ರೆಂಟಿಸ್ ಆಗಿ ಸೇರುತ್ತಾನೆ. 2019ರ ನಿಯಮದಂತೆ ಡಿಪ್ಲೊಮಾ ಆದವರಿಗೆ ಕನಿಷ್ಠ ಸ್ಟೈಪೆಂಡ್ 8,000, ಪದವಿಯವರಿಗೆ 9,000. ಮೊದಲ ವರ್ಷ 96,000 ಬಂತು, 1,20,000 ಖರ್ಚಾಯಿತು. ಮನೆಯಿಂದ ತರಿಸಿದ್ದು 24,000. ಎರಡನೇ, ಮೂರನೇ ವರ್ಷ 15,000 ಸಂಬಳ ಎಂದು ಹಿಡಿದರೆ 3,60,000 ಬಂತು, 2,40,000 ಖರ್ಚಾಯಿತು. ಮೂರು ವರ್ಷದ ಕೊನೆಗೆ ಅವನ ಕೈಯಲ್ಲಿ 96,000 ಉಳಿಯಿತು. ಹೊಸದುರ್ಗದ ಹುಡುಗನ ಮನೆ 4 ಲಕ್ಷ ಕಳೆದುಕೊಂಡಿತು. ಇಬ್ಬರ ನಡುವಿನ ಅಂತರ 4,96,000. ಹಣಕ್ಕಿಂತ ದೊಡ್ಡದು ಮೂರು ವರ್ಷದ ಅನುಭವಪತ್ರ. ಅರ್ಜಿಯಲ್ಲಿ ‘2022ರಿಂದ 2025ರವರೆಗೆ ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿದೆ. ಅವನೂ ಸಂಜೆ ಓದಿ ಪರೀಕ್ಷೆ ಬರೆಯಬಹುದು. ಅಂಕ ಸ್ವಲ್ಪ ಕಡಿಮೆ ಬರಬಹುದು, ಒಪ್ಪುತ್ತೇನೆ. ಆದರೆ ಕೆಲಸ ಸಿಗದ 98 ಜನರಲ್ಲಿ ಒಬ್ಬನಾದರೆ ಅವನು ಬೀಳುವ ಎತ್ತರ ಕಡಿಮೆ.

ಬೆಂಗಳೂರಿಗೆ ಹೋಗಲಾಗದವರಿಗೆ ದುರ್ಗದಲ್ಲೇ ರುಡ್‌ಸೆಟ್ ಸಂಸ್ಥೆಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ ಅದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ವೆಚ್ಚ ಎಂದರೆ ಕೆಲವು ವಾರಗಳ ಕೂಲಿ ನಷ್ಟ. 30 ದಿನದ ತರಬೇತಿಗೆ 370ರ ದರದಲ್ಲಿ 26 ದಿನದ ಕೂಲಿ 9,620. ಕೈಕಸುಬಿನವರಿಗೆ ಆ ನಷ್ಟವನ್ನೂ ಸ್ವಲ್ಪ ತುಂಬುವ ಯೋಜನೆ ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದರಲ್ಲಿ 18 ಕಸುಬುಗಳು ಬರುತ್ತವೆ. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. 2025-26ರ ನರೇಗಾ ಕೂಲಿಗಿಂತ ಕಲಿಯುವ ದಿನದ ಭತ್ಯೆ 130 ರೂಪಾಯಿ ಹೆಚ್ಚು. ಬಡಗಿ, ಗಾರೆ, ಕಮ್ಮಾರಿಕೆ, ಹೊಲಿಗೆ ಮಾಡುವವರು ಇದನ್ನು ಬಿಡಬಾರದು.

ಕಲಿತದ್ದಕ್ಕೂ ಅವಧಿ ಇದೆ ಎಂಬುದನ್ನು ದುರ್ಗದ ಬಳಿಯ ಜೋಗಿಮಟ್ಟಿಯ ಗಾಳಿಯಂತ್ರಗಳು ಹೇಳುತ್ತವೆ. ಮೊದಲು ಬಂದ ಯಂತ್ರಗಳು ಸಣ್ಣವು. 600 ಕಿಲೋವ್ಯಾಟಿನ ಯಂತ್ರಗಳಾದರೆ 60 ಮೆಗಾವ್ಯಾಟಿಗೆ 100 ಬೇಕು. 3 ಮೆಗಾವ್ಯಾಟಿನ ಇಂದಿನ ಯಂತ್ರವಾದರೆ 20 ಸಾಕು. ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ 7,000 ಮೆಗಾವ್ಯಾಟ್ ದಾಟಿದೆ, ಕೆಲಸ ಇದೆ. ಆದರೆ ಹತ್ತಿ ಗ್ರೀಸ್ ಹಾಕುವ ಕೈಗಳಿಗಿಂತ ಕಂಟ್ರೋಲ್ ಪ್ಯಾನೆಲ್, ಸೆನ್ಸರ್ ಓದಬಲ್ಲ ಕೈಗಳಿಗೆ ಬೇಡಿಕೆ. ದೊಡ್ಡ ಕಂಪನಿಗಳು ಕೇಳುವ ಜಿಡಬ್ಲ್ಯುಒ ಸುರಕ್ಷತಾ ಪ್ರಮಾಣಪತ್ರ ಎರಡು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಲಾರಿಯ ಲೈಸೆನ್ಸಿನ ಕಥೆಯೂ ಹಾಗೆಯೇ: ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕು ಒಂದು ವರ್ಷವಾಗಿರಬೇಕು, ಐದು ವರ್ಷಕ್ಕೊಮ್ಮೆ ನವೀಕರಣ, ಅಪಾಯಕಾರಿ ಸರಕು ಸಾಗಿಸುವವರಿಗೆ ಮೂರೇ ವರ್ಷ. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ಹೋಯಿತು. ಇದರಿಂದ ಬಾಗಿಲು ತೆರೆಯಿತು, ಜೊತೆಗೆ ಪೈಪೋಟಿಯೂ ಬಂತು. ಪುಣೆ ಹೆದ್ದಾರಿ ಹಿರಿಯೂರು, ದುರ್ಗದ ಮೇಲೇ ಹಾದಿದೆ, ದುರ್ಗದಿಂದ ಸೊಲ್ಲಾಪುರದ ಹೆದ್ದಾರಿ ಹೊರಡುತ್ತದೆ. ಅದಿರು ನಿಂತರೂ ಗ್ಯಾಸ್ ಟ್ಯಾಂಕರ್ ಓಡಿಸಬಲ್ಲವನಿಗೆ ಈ ಕೂಡುರಸ್ತೆಯಲ್ಲಿ ಕೆಲಸ ತಪ್ಪದು.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಿಂದ ‘ಶಕ್ತಿ’ ಇದೆ, ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಹೊಳಲ್ಕೆರೆಯಿಂದ ದುರ್ಗಕ್ಕೆ ಕೆಲಸಕ್ಕೆ ಬರುವ ಯುವತಿಗೆ ಹೋಗಿಬರಲು 80 ರೂಪಾಯಿ ಉಳಿಯಿತು ಎಂದು ಹಿಡಿದರೆ, ತಿಂಗಳಿಗೆ 25 ದಿನದಂತೆ ವರ್ಷಕ್ಕೆ 24,000. ಸಣ್ಣ ಸಂಬಳದ ಮೇಲೆ ಇದು ಎರಡು ತಿಂಗಳ ಬೋನಸ್ಸಿಗೆ ಸಮ. ಆದರೆ ಈ ಸೀಮೆಯ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು. ಅಲ್ಲಿ ‘ಶಕ್ತಿ’ ನಡೆಯುವುದಿಲ್ಲ. ಹೊಸದುರ್ಗದ ಒಳಹಳ್ಳಿಯವಳು ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಕಳೆದರೆ ವರ್ಷಕ್ಕೆ 900 ಗಂಟೆ. 2011-12ರಲ್ಲಿ ಮಂಜೂರಾದ ಸುಮಾರು 191 ಕಿಲೋಮೀಟರಿನ ತುಮಕೂರು–ದಾವಣಗೆರೆ ರೈಲು ಮಾರ್ಗ ಹಿರಿಯೂರು, ಚಿತ್ರದುರ್ಗದ ಮೂಲಕ ಹಾಯಬೇಕು. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಈಗ ಪದವಿಯ ಕೊನೆಯಲ್ಲಿದೆ. ರೈಲಿನ ತಡವೂ ಕೆಲಸ ಹುಡುಕುವವರ ಖರ್ಚಿನ ಪಟ್ಟಿಗೇ ಸೇರುತ್ತದೆ.

ಊರಲ್ಲೇ ಇರಬೇಕಾದವಳಿಗೆ ತೋಟದ ಸುತ್ತ ಕೆಲಸಗಳು ಬೆಳೆಯುತ್ತಿವೆ. ಹನಿ ನೀರಾವರಿ ಜೋಡಣೆ, ದಾಳಿಂಬೆ ಸವರುವುದು, ಕಸಿ ಕಟ್ಟುವುದು, ಮಣ್ಣು ಪರೀಕ್ಷೆ, ಇವುಗಳನ್ನು ಕಲಿಯಲು ಹಿರಿಯೂರಿನಲ್ಲೇ ಬಬ್ಬೂರು ಫಾರಂ ಮತ್ತು ತೋಟಗಾರಿಕೆ ಕಾಲೇಜು ಇವೆ. ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಹೊಂದಿದೆ. ಬೆಲೆಯ ಶೇ 80, ಗರಿಷ್ಠ 8 ಲಕ್ಷದವರೆಗೆ ಸಹಾಯಧನ, 15 ದಿನ ತರಬೇತಿ. ಸಂಘದಲ್ಲಿ ಹತ್ತು ಜನರಿದ್ದರೂ ಹಾರಿಸಲು ಕಲಿಯುವುದು ಒಬ್ಬಳೇ, ಆ ಒಬ್ಬಳು ಯಾರೆಂದು ಸಂಘದ ಸಭೆ ಜಗಳವಿಲ್ಲದೆ ತೀರ್ಮಾನಿಸಬೇಕು.

ಕೆಲಸದಲ್ಲಿ ಇರುವವರಿಗೂ ಒಂದು ಲೆಕ್ಕ. ಉದ್ಯೋಗಿಗಳ ಮುಖ್ಯ ಕೌಶಲಗಳಲ್ಲಿ ಶೇ 39ರಷ್ಟು 2030ರ ಹೊತ್ತಿಗೆ ಬದಲಾಗುತ್ತವೆ ಎಂದು ವಿಶ್ವ ಆರ್ಥಿಕ ವೇದಿಕೆ 2025ರ ವರದಿಯಲ್ಲಿ ಅಂದಾಜಿಸಿದೆ. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಬೆಂಗಳೂರಿನ ಐಟಿಯಲ್ಲಿರುವ ದುರ್ಗದ ಮಕ್ಕಳ ಅಪ್ಪಅಮ್ಮಂದಿರು ಆ ವಾರ ಫೋನು ಹಿಡಿದೇ ಕೂತಿರಬೇಕು. ವಾರಕ್ಕೆ ಮೂರು ಗಂಟೆ ಹೊಸದೇನಾದರೂ ಕಲಿತರೆ ವರ್ಷಕ್ಕೆ 156 ಗಂಟೆ, ಅಂದರೆ ಎಂಟು ಗಂಟೆಯ ಹತ್ತೊಂಬತ್ತೂವರೆ ದಿನ. ಸಂಬಳದ ಶೇ 2 ತೆಗೆದಿಟ್ಟರೆ ತಿಂಗಳಿಗೆ 20,000 ಪಡೆಯುವವನ ಬಳಿ ವರ್ಷಕ್ಕೆ 4,800 ಸೇರುತ್ತದೆ. ಒಂದು ಪ್ರಮಾಣಪತ್ರದ ಪರೀಕ್ಷೆಗೆ, ಒಂದು ಲೈಸೆನ್ಸಿನ ನವೀಕರಣಕ್ಕೆ ಸಾಕು.

ಇಷ್ಟೆಲ್ಲ ಭಾರವನ್ನು ಮನೆಗಳೇ ಹೊರಬೇಕೆ? ಗಣಿಯ ಲೆಕ್ಕದಲ್ಲೇ ಇದಕ್ಕೆ ಹಣವಿದೆ. ಕಬ್ಬಿಣದ ಅದಿರಿನ ರಾಜಧನ ಮಾರಾಟ ಬೆಲೆಯ ಶೇ 15. ಅದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಜಧನದ ಶೇ 30ನ್ನು ಹಳೆಯ ಗುತ್ತಿಗೆಗಳು, ಶೇ 10ನ್ನು ಹರಾಜಿನ ಗುತ್ತಿಗೆಗಳು ಕಟ್ಟಬೇಕು. ಟನ್ನಿಗೆ 3,000 ರೂಪಾಯಿ ಬೆಲೆ ಎಂದು ಹಿಡಿದರೆ ರಾಜಧನ 450. ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಯಿಂದ 135, ಹರಾಜಿನದರಿಂದ 45. ಹತ್ತು ಲಕ್ಷ ಟನ್ನಿಗೆ ಒಂದರಿಂದ 13.5 ಕೋಟಿ, ಇನ್ನೊಂದರಿಂದ 4.5 ಕೋಟಿ. ಈ ಹಣವನ್ನು ಬಳಸಬೇಕಾದ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಕೌಶಲಾಭಿವೃದ್ಧಿಯೂ ಇದೆ. ಇದಲ್ಲದೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿನ ಗಣಿಬಾಧಿತ ಪ್ರದೇಶಕ್ಕಾಗಿ ಸುಮಾರು 25,000 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆ ಬೇರೆ ಇದೆ.

ಕಡಿಮೆ ಮೊತ್ತವನ್ನೇ ತೆಗೆದುಕೊಳ್ಳೋಣ. 4.5 ಕೋಟಿಯ ಶೇ 5 ಎಂದರೆ 22.5 ಲಕ್ಷ. ಒಬ್ಬರ ಮರುತರಬೇತಿಗೆ, ಆ ದಿನಗಳ ಕೂಲಿಯೂ ಸೇರಿ, 20,000 ತಗಲುತ್ತದೆ ಎಂದುಕೊಂಡರೆ ವರ್ಷಕ್ಕೆ 112 ಜನ. 13.5 ಕೋಟಿಯ ಶೇ 5 ಆದರೆ 337 ಜನ. ಹೊಳಲ್ಕೆರೆ, ಹೊಸದುರ್ಗ, ದುರ್ಗದ ಗಣಿ ಸುತ್ತಲಿನ ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿ, ಸಮುದಾಯ ಭವನದ ಬೇಡಿಕೆ ಬರೆಯುವಾಗ ಈ ಸಾಲನ್ನೂ ಸೇರಿಸಬೇಕು: ಈ ವರ್ಷ ನಮ್ಮ ಊರಿನ ಇಷ್ಟು ಡ್ರೈವರುಗಳಿಗೆ, ಇಷ್ಟು ಹೆಣ್ಣುಮಕ್ಕಳಿಗೆ, ಇಂಥ ತರಬೇತಿ. ಮರುವರ್ಷದ ಸಭೆಯಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಮೂರು ಅಂಕಿ ಬರೆಸಬೇಕು: ಕಲಿತವರೆಷ್ಟು, ಆರು ತಿಂಗಳ ನಂತರ ಕೆಲಸದಲ್ಲಿರುವವರೆಷ್ಟು, ಅವರ ತಿಂಗಳ ಗಳಿಕೆ ಎಷ್ಟು.